ನುಂಗಿಕೊಂಡ ಕೆಮ್ಮು

ಮಾರಿಕಣಿವೆಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲಕ್ಕೆ ನನ್ನ ಮದುವೆಯಾಯಿತು. ತವರು ಹರಿಯಬ್ಬೆಯ ಕಡೆ. ನಮ್ಮ ಮನೆಯಲ್ಲಿ ಯಾರ ಎಮ್ಮೆ ಚೆನ್ನಾಗಿ ಹಾಲು ಕೊಟ್ಟರೂ ಬಾಯ್ತುಂಬ ಹೊಗಳುತ್ತಿದ್ದರು. ಅದೇ ಬಾಯಿ ಹೊತ್ತುಕೊಂಡು ಹೊಳಲ್ಕೆರೆ ಸೀಮೆಯ ಹಳ್ಳಿಗೆ ಸೊಸೆಯಾಗಿ ಬಂದೆ. ಇಲ್ಲಿ ಹಾಲು ಕರೆಯುವಾಗ ಕಂಬಳಿ ಅಡ್ಡ ಹಿಡಿಯುತ್ತಿದ್ದರು. ತಂಬಿಗೆಗೆ ಬಟ್ಟೆ ಮುಚ್ಚಿಯೇ ಬೀದಿ ದಾಟುತ್ತಿದ್ದರು. ಹೇಗಿದ್ದೀರಿ ಎಂದು ಕೇಳಿದರೆ ಹೊಟ್ಟೆ ತುಂಬಿದವರೂ "ಏನೋ, ಹಿಂಗೈತೆ" ಎಂದು ಮುಖ ಸಣ್ಣ ಮಾಡಬೇಕು.

ನಾನು ಹೊಸಬಳು, ಗೊತ್ತಿರಲಿಲ್ಲ. ಪಕ್ಕದ ಮನೆಯ ಎಮ್ಮೆಯನ್ನು ನೋಡಿ, "ಎಂಥಾ ಕೆಚ್ಚಲು ಐತ್ರಿ ಇದ್ಕೆ" ಎಂದುಬಿಟ್ಟೆ. ಮಾರನೆಯ ದಿನ ಕೆಚ್ಚಲು ಬಾತು ಎಮ್ಮೆ ಒದೆಯತೊಡಗಿತು.

ಆ ಮನೆಯವರು ನೆರೆಹೊರೆಯವರನ್ನು ಕರೆದು, ಎಮ್ಮೆಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಜನ ಕೆಮ್ಮಿದರೆ ದೃಷ್ಟಿಯಿಲ್ಲ. ಯಾರೂ ಕೆಮ್ಮದಿದ್ದರೆ ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂದೇ ಲೆಕ್ಕ. ಹೊಗೆ ಮನೆಯೆಲ್ಲ ತುಂಬಿತು. ನನ್ನ ಗಂಟಲು ಉರಿಯುತ್ತಿತ್ತು. ಹೊಸ ಸೊಸೆ, ಹಿರಿಯರೆದುರು ಹೇಗೆ ಕೆಮ್ಮಲಿ ಎಂದು ನುಂಗಿಕೊಂಡೆ. ತಲೆಯೆತ್ತಿ ನೋಡಿದರೆ ಎಲ್ಲರ ಕಣ್ಣಲ್ಲೂ ನೀರು, ಎಲ್ಲರ ಬಾಯಿಗೂ ಸೆರಗು. ಒಬ್ಬರೂ ಕೆಮ್ಮಲಿಲ್ಲ.

"ಘಾಟೇ ಇಲ್ಲ ನೋಡ್ರಿ" ಎಂದಳು ಎಮ್ಮೆಯ ಯಜಮಾನಿ. ಎಲ್ಲರೂ ನನ್ನ ಕಡೆ ತಿರುಗಿದರು.

ಅವತ್ತಿನಿಂದ ನಾನು ಕೆಟ್ಟ ಕಣ್ಣಿನವಳು. ನಾನು ಎದುರಾದರೆ ಕೂಸಿನ ಮುಖಕ್ಕೆ ಸೆರಗು, ಉಣ್ಣುವ ತಟ್ಟೆಗೆ ಮರೆ. ಯಾಕೆ ಹೀಗೆ ಎಂದು ಬಹಳ ಯೋಚಿಸಿದ್ದೇನೆ. ಯೋಚಿಸಲು ಬೇಕಾದಷ್ಟು ಬಿಡುವನ್ನು ಅವರೇ ಕೊಟ್ಟಿದ್ದರು. ಊರಿಗೆ ಇದ್ದದ್ದು ಒಂದೇ ಕೆರೆ. ಒಬ್ಬರ ಗದ್ದೆಗೆ ನೀರು ಹೆಚ್ಚು ಹರಿದರೆ ಇನ್ನೊಬ್ಬರದು ಒಣಗುತ್ತಿತ್ತು. ಹಾಲು, ಮಕ್ಕಳು, ಸುಖ ಎಲ್ಲವೂ ಅದೇ ತೂಬಿನಿಂದ ಬರುತ್ತವೆ ಎಂದು ನಂಬಿದ್ದರೋ ಏನೋ, ಪಕ್ಕದವಳು ನಕ್ಕರೆ ತನ್ನ ಪಾಲಿನ ನಗು ಹೋಯಿತೆಂದು ಸಂಕಟಪಡುತ್ತಿದ್ದರು. ಆ ಸಂಕಟ ತಮ್ಮದೆಂದು ಒಪ್ಪಲು ಯಾರಿಗೂ ಮನಸ್ಸಿಲ್ಲ. ಯಾರ ತಲೆಗಾದರೂ ಕಟ್ಟಬೇಕಿತ್ತು, ನಾನು ಸಿಕ್ಕೆ. ಹಾಳಾದದ್ದು, ಬರಬರುತ್ತ ನನಗೂ ಹೊಟ್ಟೆಕಿಚ್ಚು ನಿಜವಾಗಿಯೇ ಹತ್ತಿತು. ಕಂಡವರ ಕೂಸನ್ನು ಎತ್ತಿ ಆಡಿಸುವ ಹೆಂಗಸರನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಮಗಳು ಬೆಳೆದು ಮದುವೆಯಾಗಿ, ಚೊಚ್ಚಲ ಹೆರಿಗೆಗೆ ಮನೆಗೆ ಬಂದು ಹೆತ್ತಳು. ಈ ಕೂಸನ್ನಾದರೂ ಕಣ್ತುಂಬ ನೋಡೋಣ ಎಂದು ಆಸೆಪಟ್ಟೆ. ನೋಡಿದೆ ಕೂಡ, ಎತ್ತಿ ಮುದ್ದಾಡಿದೆ. ಕೆಲವೇ ದಿನಕ್ಕೆ ಕೂಸು ಮೊಲೆ ಬಿಟ್ಟು ಅಳತೊಡಗಿತು. ನನ್ನ ಅತ್ತೆ ಮೆಣಸಿನಕಾಯಿ ತಂದು ಕೂಸಿಗೆ ನಿವಾಳಿಸಿ ಒಲೆಗೆ ಹಾಕಿದರು.

ಈ ಸಲ ನಾನು ನುಂಗಲಿಲ್ಲ. ಘಾಟು ಏಳುತ್ತಲೇ ಬಾಯ್ಬಿಟ್ಟು ಕೆಮ್ಮಿದೆ, ಪಕ್ಕೆ ನೋಯುವಷ್ಟು ಕೆಮ್ಮಿದೆ.

"ನಿನ್ ಕೆಮ್ಮು ಲೆಕ್ಕಕ್ಕಿಲ್ಲ, ಸುಮ್ಕಿರು" ಎಂದರು ಅತ್ತೆ. ಆಮೇಲೆ ಮಗಳ ಕಡೆ ತಿರುಗಿ, "ನೀನು ಹೇಳವ್ವ, ಘಾಟು ಐತೇನು?" ಎಂದು ಕೇಳಿದರು.

ಒಂದು ಸಲ ಕೆಮ್ಮೇ ತಾಯಿ, ಒಂದೇ ಸಲ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಇಲ್ಲವೆಂದು ತಲೆಯಾಡಿಸಿದಳು.