ಆಣೆ ತಿನ್ನುವವರು

ಮಾಸೂರಿನವಳಾದ ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತ ಸವಣೂರಿನಲ್ಲಿ ಬಾಡಿಗೆಗಿದ್ದೇನೆ. ತಪ್ಪು ಕಂಡರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ಕೊಂಬು, ದೀರ್ಘ ನೋಡುತ್ತೇನೆ. ಗೋಡೆಯಾಚೆಯ ಮನೆಯಲ್ಲಿ ಖಾರಾ ಕರಿದು ಮಾರುವ ಹೆಂಗಸೊಬ್ಬರಿದ್ದಾರೆ. ಮನೆಮಾತು ಉರ್ದು, ನಾನೂ ಅವರ ಮಾತಿನಲ್ಲೇ ಆಪಾ, ಅಂದರೆ ಅಕ್ಕಾ, ಎನ್ನುತ್ತೇನೆ. ಸಂಜೆಗೆ ಗೋಡೆಯ ಮೇಲಿಂದ ಬಿಸಿ ಖಾರಾ ಬರುತ್ತಿತ್ತು, ಜೊತೆಗೆ ಊರ ಸುದ್ದಿಯೆಲ್ಲ. ಈ ಊರಿನಲ್ಲಿ ನನಗಿದ್ದ ಗೆಳತಿ ಅವರೊಬ್ಬರೇ.

ಹೋದ ವರ್ಷ ಒಂದು ಸಂಜೆ ಶಾಲೆಯ ಇಬ್ಬರು ಶಿಕ್ಷಕಿಯರು ಮನೆಗೆ ಬಂದಿದ್ದರು. ಆಪಾ ಗೋಡೆಯ ಮೇಲಿಂದ ಕೊಟ್ಟ ಖಾರಾ ಬಾಯಿಗೆ ಹಾಕಿಕೊಂಡು, ಉಪ್ಪು ಜಾಸ್ತಿಯಾಗಿದೆ ಎಂದೆ.

"ಇಲ್ರಿ ಅಕ್ಕೋರ, ಕಡಿಮಿನ ಹಾಕೇನಿ. ಆಣಿ ತಿಂತೇನಿ" ಎಂದರು ಆಪಾ.

"ಖಾರಾ ತಿನ್ನೂದ್ರಿ ಆಪಾ, ಆಣಿ ಮಾಡೂದು!" ಎಂದು ಬಿದ್ದು ಬಿದ್ದು ನಕ್ಕೆ. ಬಂದವರೂ ನಕ್ಕರು. ಉರ್ದುವಿನಲ್ಲಿ ಕಸಮ್ ತಿನ್ನುತ್ತಾರೆ. ಆಪಾ ಅದನ್ನೇ ಕನ್ನಡಕ್ಕೆ ತಂದಿದ್ದರು, ಅಷ್ಟೆ. ನನಗದು ಗೊತ್ತಿತ್ತು. ಗೊತ್ತಿದ್ದೂ ನಕ್ಕೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನವೂ ಖಾರಾ ಬಂತು, ಮಾತು ಬರಲಿಲ್ಲ. ಏನು ಕೇಳಿದರೂ ಹೂಂ, ಊಹೂಂ. ಹೀಗೇ ಒಂದು ತಿಂಗಳಾಯಿತು. ತಪ್ಪಾಯಿತೆನ್ನಲು ನನ್ನ ಬಿಗುಮಾನ ಬಿಡಲಿಲ್ಲ.

ಶಾಲೆಯ ವಾರ್ಷಿಕೋತ್ಸವ ಬಂತು. ಸ್ವಾಗತ ಭಾಷಣ ನನ್ನದು. ಹಿತ್ತಲಲ್ಲಿ ನಿಂತು ಗಟ್ಟಿಯಾಗಿ ಓದಿ ನೋಡುತ್ತಿದ್ದೆ: "ಅತಿಥಿಗಳು ಶಿಕ್ಷಣದ ಮಹತ್ವದ ಮೇಲೆ ಬೆಳಕು ಚೆಲ್ಲಲಿದ್ದಾರೆ."

ಗೋಡೆಯಾಚೆಯಿಂದ ಆಪಾ ಕೇಳಿದರು: "ಚೆಲ್ಲಿದ್ದನ್ನ ಒರಸಾವ್ರು ಯಾರ್ರಿ ಅಕ್ಕೋರ?"

ಹಾಳೆಯ ಆ ಸಾಲನ್ನು ಮತ್ತೊಮ್ಮೆ ಓದಿದೆ. ನಮ್ಮವ್ವ ನೀರು ಚೆಲ್ಲುತ್ತಿದ್ದಳು, ನಾನು ಹಾಲು ಚೆಲ್ಲಿದರೆ ಬೈಯುತ್ತಿದ್ದಳು. ಮಾತಾಡಿ ಬೆಳಕು ಚೆಲ್ಲಿದವರನ್ನು ನಮ್ಮೂರಲ್ಲಿ ಕಂಡಿಲ್ಲ. ಅದು ಇಂಗ್ಲಿಷಿನವರ ಮಾತು, ಯಾರೋ ಪದಕ್ಕೆ ಪದ ಇಟ್ಟು ತಂದದ್ದು. ಪುಸ್ತಕದಲ್ಲಿ ಅಚ್ಚಾಗಿತ್ತೆಂದು ನಾನು ಎಂದೂ ತಿದ್ದಿರಲಿಲ್ಲ. ಖಾರಾ ಕರಿಯುವವರ ಬಾಯಲ್ಲಿ ಬಂದದ್ದನ್ನು ಮಾತ್ರ ತಿದ್ದಲು ಹೋಗಿದ್ದೆ. ಬಹಳ ನಾಚಿಕೆಯಾಯಿತು.

ಗೋಡೆಯ ಹತ್ತಿರ ಹೋದೆ. "ತಪ್ಪಾತ್ರಿ ಆಪಾ. ಇನ್ನ ನಿಮ್ಮ ಮಾತಿಗೆ ನಗೂದಿಲ್ಲ."

"ಖರೇನ?"

"ಆಣಿ ತಿಂತೇನಿ."

ಆಪಾ ನನ್ನನ್ನೇ ನೋಡಿದರು. "ಬರೇ ಆಣಿ ತಿಂದ್ರ ಹೊಟ್ಟಿ ತುಂಬತೈತೇನ್ರಿ?" ಎಂದು ತಟ್ಟೆ ದಾಟಿಸಿದರು.

ಅವತ್ತೂ ಉಪ್ಪು ಜಾಸ್ತಿಯೇ ಇತ್ತು. ಒಂದು ಕಾಳೂ ಬಿಡದೆ ತಿಂದೆ.