ಮೇಷ್ಟ್ರು ನೆಟ್ಟಗೆ ಮಾಡಿದ ಪಟ

ಗೆಳತಿಯರೇ, ಇವತ್ತು ದೇವನಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ನರ್ಸಮ್ಮ ಬಂದರು. ಎಂಟು ತಿಂಗಳ ಬಸುರಿಯಾದ ನನಗೆ ತೋರಿಸಲೆಂದು, ಹೊಟ್ಟೆಯೊಳಗಿನ ಮಗುವಿನ ಪಟವನ್ನು ಗೋಡೆಗೆ ನೇತುಹಾಕಿ ಕೈತೊಳೆಯಲು ಹೋದರು. ಅಷ್ಟರಲ್ಲಿ ಶಾಲೆಯ ಮೇಷ್ಟ್ರಾದ ನಮ್ಮ ಯಜಮಾನರು ಅದನ್ನು ತಿರುಗಿಸಿಬಿಟ್ಟರು.

“ತಲೆಕೆಳಗಾಗಿ ಹಾಕಿದ್ರಿ ನರ್ಸಮ್ಮ, ಸರಿಮಾಡಿದೀನಿ.”

“ಈ ತಿಂಗಳಲ್ಲಿ ಮಗು ತಲೆ ಕೆಳಗೇ ಮಾಡ್ಕೊಳ್ಳುತ್ತೆ ಮೇಷ್ಟ್ರೇ.”

“ನಮ್ಮ ವಂಶದಲ್ಲಿ ಹಂಗೆಲ್ಲ ಇಲ್ಲ!”

ಬಾಗಿಲಲ್ಲಿ ಕೂತಿದ್ದ ಸೂಲಗಿತ್ತಿ ಮುನಿಯಜ್ಜಿ ನಕ್ಕಳು. “ನಿಜ ಕಣಪ್ಪ. ನಿನ್ನ ಹೆರಿಗೆ ಮಾಡ್ಸಿದೋಳು ನಾನೇ. ಕಾಲು ಮುಂದಾಗಿ ಬಂದು ನಿಮ್ಮವ್ವನ್ನ ಎರಡು ದಿನ ಗೋಳು ಹುಯ್ಕೊಂಡೆ.”

ಯಜಮಾನರು ಪಟವನ್ನು ಮತ್ತೆ ಮೊದಲಿನ ಹಾಗೇ ತಿರುಗಿಸಿದರು. ಸಂಜೆಯಿಂದ ನನ್ನ ಹೊಟ್ಟೆಗೆ ಅವರದು ಒಂದೇ ಪಾಠ: “ನಿಮ್ಮಪ್ಪನ ಹಂಗೆ ಬರಬ್ಯಾಡ ಮಗಾ.”