ಮುನಿಕೃಷ್ಣಮ್ಮನ ಹದಿನೈದು ದಿನ

ಮತ್ತಿಕೆರೆಯ ಹಳೇ ಊರಿನ ಬೀದಿಯಲ್ಲಿ ಮೂರು ಅಂತಸ್ತಿನ ಹಸಿರು ಮನೆ ಮುನಿಕೃಷ್ಣಮ್ಮನದು. ಕೆಳಗೆ ಆಕೆ, ಮೇಲಿನ ಎರಡು ಅಂತಸ್ತಿನಲ್ಲಿ ಕಾಲೇಜಿನ ಹುಡುಗಿಯರು. ಇಪ್ಪತ್ತೇಳು ವರ್ಷದ ಹಿಂದೆ ಹಿರಿಯೂರಿನಿಂದ ಒಂದು ಟ್ರಂಕು ಹೊತ್ತು ಬಂದು ಆ ಮನೆಯಲ್ಲಿ ಇದ್ದು ಓದಿದವಳು ನಾನು. ಈಗ ಅದೇ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಕೌಂಟರಿನಲ್ಲಿ ಕೂರುತ್ತೇನೆ. ದಾಕ್ಷಾಯಣಿ ಮೇಡಂ ಎಂದು ಕರೆಯುತ್ತಾರೆ. ರೂಮು ಎಲ್ಲಿ ಮಾಡುವುದು, ನೀರು ಬರುತ್ತದಾ, ಮಗಳು ರಾತ್ರಿ ಒಬ್ಬಳೇ ಮಲಗಿದವಳಲ್ಲ ಏನು ಮಾಡುವುದು ಎಂದೆಲ್ಲ ತಂದೆತಾಯಿ ನನ್ನ ಮುಂದೆ ನಿಂತು ಕೇಳುತ್ತಾರೆ. ನಾನು ಮುನಿಕೃಷ್ಣಮ್ಮನ ಮನೆಯ ದಾರಿ ತೋರಿಸುತ್ತೇನೆ. ಹಾಗೆ ತೋರಿಸಿ ಒಬ್ಬ ತಾಯಿಗೆ ಮಗಳ ದನಿ ತಪ್ಪಿಸಿದೆ. ಅದನ್ನು ಬರೆಯದೆ ಮುನಿಕೃಷ್ಣಮ್ಮನ ಬಗ್ಗೆ ನಾನು ಏನು ಬರೆದರೂ ಅದು ಸುಳ್ಳಾಗುತ್ತದೆ.

ಆಕೆಯದೊಂದು ಪದ್ಧತಿ. ಮಗಳನ್ನು ಬಿಡಲು ಬಂದ ತಂದೆತಾಯಿ ಊಟ ಮಾಡದೆ ಹೊಸಿಲು ದಾಟುವಂತಿಲ್ಲ. ಮುದ್ದೆ, ಬಸ್ಸಾರು, ಒಂದು ಪಲ್ಯ. ಅಪ್ಪಂದಿರು ಹಾಸಿಗೆ, ಬಕೆಟ್ಟು ಹೊತ್ತು ಮೇಲೆ ಕೆಳಗೆ ಓಡಾಡುತ್ತಿದ್ದರೆ ಬೈದು ಕೂರಿಸುತ್ತಾಳೆ. "ಕೂತ್ಕಳಪ್ಪ, ಬಕೀಟು ಎಲ್ಲೂ ಓಡೋಗಲ್ಲ" ಎನ್ನುತ್ತಾಳೆ. ಊಟ ಮುಗಿದು, ತಾಯಿ ಕೈತೊಳೆದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಆಕೆಯ ಕಟ್ಟಳೆ ಬರುತ್ತದೆ.

"ನೋಡಮ್ಮ, ಅದ್ನೈದು ದಿನ ನೀನು ಮಗೀಗೆ ಫೋನ್ ಮಾಡಂಗಿಲ್ಲ, ಅವಳೂ ನಿಂಗೆ ಮಾಡಂಗಿಲ್ಲ. ಸಂಜೆ ಆರು ಗಂಟೆಗೆ ನಂಗೆ ಮಾಡು. ಉಂಡ್ಲಾ, ಮಲಗಿದ್ಲಾ, ಎಲ್ಲಾ ನಾನೇ ಏಳ್ತೀನಿ. ಬದನೆ ಸಸಿ ನೆಟ್ಟು ದಿನಾ ಕಿತ್ತು ನೋಡುದ್ರೆ ಬೇರು ಇಡೀತದಾ?"

ಇದು ಬಾಯಿಮಾತಿನ ಗಾದೆಯಲ್ಲ. ಈಗ ಬೈಕುಗಳು ನಿಲ್ಲುವ ಜಾಗದಲ್ಲಿ ಆಕೆ ಮದುವೆಯಾಗಿ ಬಂದಾಗ ಬದನೆ ತೋಟವಿತ್ತಂತೆ. ಗಂಡ ಪಿಳ್ಳಣ್ಣ ಮಡಿಯಿಂದ ಅಗೆ ಸಸಿ ಕಿತ್ತು ಕೊಡುವುದು, ಈಕೆ ನೆಡುವುದು. ನೆಟ್ಟ ಸಸಿ ಮೂರು ದಿನ ತಲೆ ಜೋತುಹಾಕುತ್ತದೆ, ಹೆದರಿ ಮುಟ್ಟಬಾರದು, ನಾಲ್ಕನೇ ದಿನ ತಾನೇ ನೆಟ್ಟಗಾಗುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದರಂತೆ. ತೋಟ ಹೋಯಿತು, ಪಿಳ್ಳಣ್ಣನೂ ಹೋದರು. ಬುದ್ಧಿ ಮಾತ್ರ ಉಳಿದು ನಮ್ಮಂಥವರ ಮೇಲೆ ಪ್ರಯೋಗವಾಯಿತು. ನಮ್ಮ ಕಾಲದಲ್ಲಿ ಕಾಗದ ಬರೆಯುವಂತಿರಲಿಲ್ಲ, ಈಗ ಫೋನು. ಅಷ್ಟೇ ವ್ಯತ್ಯಾಸ.

ಈ ಕಟ್ಟಳೆಯನ್ನು ಯಾರೂ ಪಾಲಿಸುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ನಾನೇ ಮೂರನೇ ದಿನ ಅಂಚೆ ಕಚೇರಿಯ ಮುಂದೆ ನಿಂತು ಅಮ್ಮನಿಗೆ ಇನ್‌ಲ್ಯಾಂಡ್ ಲೆಟರ್ ಬರೆದಿದ್ದೆ. ಈಗಿನ ಹುಡುಗಿಯರು ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಕೂತು ವಿಡಿಯೋ ಕಾಲ್ ಮಾಡುತ್ತಾರೆ. ಮುನಿಕೃಷ್ಣಮ್ಮನಿಗೆ ಗೊತ್ತಿಲ್ಲವೇ? ಬಟ್ಟೆ ತೆಗೆಯಲು ಮೇಲೆ ಹೋಗುವಾಗ ಮೆಟ್ಟಿಲ ಅರ್ಧದಲ್ಲೇ ನಿಂತು, ಇಲ್ಲದ ಕೆಮ್ಮನ್ನು ತಂದುಕೊಂಡು ಕೆಮ್ಮುತ್ತಾಳೆ. ಹುಡುಗಿಯರು ಫೋನು ಬಚ್ಚಿಟ್ಟುಕೊಂಡ ಮೇಲೆ ಹೋಗುತ್ತಾಳೆ. "ಕದ್ದು ಮಾತಾಡುದ್ರೆ ಎರಡೇ ನಿಮಿಷ ಮಾತಾಡ್ತವೆ. ಅಳೋಕೆ ಟೈಮಿರಲ್ಲ" ಎಂದು ಒಮ್ಮೆ ನನ್ನ ಹತ್ತಿರ ಗುಟ್ಟು ಬಿಟ್ಟುಕೊಟ್ಟಿದ್ದಳು. ಮುರಿಯಲಿ ಎಂದೇ ಹಾಕಿದ ಕಟ್ಟಳೆ ಅದು. ಪೂರ್ತಿ ಪಾಲಿಸುವವರು ಯಾರಾದರೂ ಬಂದರೆ ಏನು ಗತಿ ಎಂದು ಆಕೆಯೂ ಯೋಚಿಸಲಿಲ್ಲ, ಓದಿದ ನಾನೂ ಯೋಚಿಸಲಿಲ್ಲ.

ಕಳೆದ ವರ್ಷ ಆಗಸ್ಟಿನಲ್ಲಿ ಬಂದರು. ಕೊರಟಗೆರೆಯ ಕಡೆಯ ಹಳ್ಳಿಯೊಂದರ ಅಂಗನವಾಡಿ ಟೀಚರ್ ಅಂಜನಮ್ಮ ಮತ್ತು ಅವರ ಒಬ್ಬಳೇ ಮಗಳು ಮೋನಿಕಾ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ತಾಯಿಯೂ ಮಗಳೂ ಕಂಡವರೆಲ್ಲ ಹೇಳಿದ್ದಕ್ಕೆ "ಹ್ಞೂಂ" ಎನ್ನುವ ಜನ. ಸಾಲು ಬಿಟ್ಟು ಆಚೆ ಕಾಲಿಡದವರು. ಕೌಂಟರಿನ ಮುಂದೆ ಅಂಜನಮ್ಮ ಎರಡು ಸಲ ಕೂತು ಎದ್ದರು. ಮೆಟ್ಟಿಲು ಹತ್ತಿ ಸುಸ್ತಾಗಿರಬೇಕು ಎಂದುಕೊಂಡು ನೀರು ಕೊಟ್ಟೆ. ಹದಿನೈದು ದಿನದ ಪದ್ಧತಿಯನ್ನು ನಾನೇ ಮೊದಲು ಹೇಳಿ ಅವರನ್ನು ತಯಾರು ಮಾಡಿದೆ. ಕಾಲೇಜಿನವರೇ ಹೇಳಿದಂತಾಯಿತಲ್ಲ, ಅವರಿಗೆ ಅದು ಸರ್ಕಾರಿ ಆದೇಶದ ಹಾಗೆ ಕೇಳಿಸಿರಬೇಕು.

ಮಗಳು ಫೋಟೋ ತೆಗೆಸಲು ಆಚೆ ಹೋದಾಗ ಅಂಜನಮ್ಮ ಮೆಲ್ಲಗೆ ಕೇಳಿದರು. "ಮೇಡಂ, ಮಧ್ಯದಲ್ಲಿ ಏನಾದ್ರೂ ಅರ್ಜೆಂಟ್ ಆದ್ರೆ?"

"ಅವಳಿಗೆ ಏನೂ ಆಗಲ್ಲ ಬಿಡ್ರೀ. ಏನಾದ್ರೂ ಆದ್ರೆ ನಾವೇ ಫೋನ್ ಮಾಡ್ತೀವಿ" ಎಂದೆ. ಹಿಂದೆ ಇನ್ನೂ ಮೂವತ್ತು ಜನ ನಿಂತಿದ್ದರು. ಅವರು ಕೇಳಿದ್ದು ಮಗಳ ವಿಷಯವಲ್ಲ, ತಮ್ಮ ವಿಷಯ ಎಂದು ನನ್ನ ಮಂದಬುದ್ಧಿಗೆ ಹೊಳೆಯಲೇ ಇಲ್ಲ. ಆಕೆ ತಲೆಯಾಡಿಸಿದರು. ನಾನು ಇನ್ನೊಂದು ಮಾತು ಕೇಳಿದ್ದರೆ ನನ್ನ ಗಂಟು ಹೋಗುತ್ತಿತ್ತೇ?

ಅಂಜನಮ್ಮನ ಹೃದಯದ ಕವಾಟ ಕೆಟ್ಟು ಎರಡು ವರ್ಷವಾಗಿತ್ತು ಎಂಬುದು ಆಮೇಲೆ ತಿಳಿದದ್ದು. ಮಗಳು ಕಾಲೇಜಿಗೆ ಸೇರಲಿ ಎಂದು ಆಪರೇಷನ್ ಮುಂದೆ ಹಾಕುತ್ತಲೇ ಬಂದಿದ್ದರು. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ದಿನ ಗೊತ್ತಾಗಿತ್ತು, ಮಗಳನ್ನು ಬಿಟ್ಟ ಹದಿಮೂರನೇ ದಿನ. ಜೊತೆಗಿದ್ದದ್ದು ತಮ್ಮ ಬಾಲರಾಜು ಒಬ್ಬರೇ. ಮಗಳಿಗೆ ಹೇಳಬೇಡ, ಈಗಷ್ಟೇ ಬೇರು ಹಿಡಿಯುತ್ತಿದ್ದಾಳೆ, ಹದಿನೈದು ದಿನ ಕಳೆದ ಮೇಲೆ ನಾನೇ ಹೇಳುತ್ತೇನೆ ಎಂದು ಅವರಿಂದ ಮಾತು ತೆಗೆದುಕೊಂಡಿದ್ದರಂತೆ. ಮುನಿಕೃಷ್ಣಮ್ಮನ ಬದನೆ ಸಸಿಯನ್ನು ಅಂಜನಮ್ಮ ಅಷ್ಟು ನಂಬಿದ್ದರು.

ದಿನಾ ಆರು ಗಂಟೆಗೆ ಫೋನ್ ಮಾಡುತ್ತಿದ್ದರು. ಹನ್ನೊಂದನೇ ದಿನವೂ ಮಾಡಿದರು, ಆಸ್ಪತ್ರೆಯ ಮಂಚದಿಂದ. ಮುನಿಕೃಷ್ಣಮ್ಮ ವರದಿ ಒಪ್ಪಿಸಿದ ಮೇಲೆ, "ಅಮ್ಮಾ, ಒಂದೇ ಒಂದ್ಸಲ ಅವಳ ದನಿ ಕೇಳುಸ್ತೀರಾ?" ಎಂದರಂತೆ.

"ಇನ್ನ ನಾಲ್ಕೇ ದಿನ ತಡ್ಕಳಮ್ಮ. ಇಷ್ಟು ದಿನ ತಡ್ದಿದ್ದೀಯ, ಈಗ ಕೆಡುಸ್ಕಬ್ಯಾಡ" ಎಂದಳು ಮುನಿಕೃಷ್ಣಮ್ಮ.

ಅಂಜನಮ್ಮ "ಆಯ್ತಮ್ಮ" ಎಂದು ಫೋನ್ ಇಟ್ಟರು. ಅದೇ ಅವರ ಕೊನೆಯ ಫೋನು. ಬೇರೆ ಯಾವ ತಾಯಿಯಾದರೂ ಆಗಿದ್ದರೆ ಮುನಿಕೃಷ್ಣಮ್ಮನನ್ನು ಮನಸ್ಸಿನಲ್ಲೇ ಬೈದುಕೊಂಡು ಮಗಳಿಗೇ ಫೋನ್ ಮಾಡುತ್ತಿದ್ದಳು. ಹೆಬ್ಬಾಳದಿಂದ ಮತ್ತಿಕೆರೆಗೆ ಎಷ್ಟು ದೂರ? ಆಟೋದಲ್ಲಿ ಕೂತರೆ ಅರ್ಧ ಗಂಟೆ. ಆ ಅರ್ಧ ಗಂಟೆಯ ಆಚೆ ತಾಯಿ, ಈಚೆ ಮಗಳು, ನಡುವೆ ನಾವು ಇಬ್ಬರು ಬುದ್ಧಿವಂತರು.

ಹದಿನಾಲ್ಕನೇ ದಿನ ಬೆಳಿಗ್ಗೆ ಬಾಲರಾಜು ನನ್ನ ಕೌಂಟರಿಗೆ ಬಂದರು. ಸಾಲಿನಲ್ಲೇ ನಿಂತು ಬಂದರು, ಪಾಪ, ಆ ಮನೆಯವರ ಗುಣವೇ ಅದು. ಸರದಿ ಬಂದಾಗ, "ನಮ್ಮಕ್ಕ ತೀರ್ಕೊಂಡ್ಳು ಮೇಡಂ. ಆಪರೇಷನ್ ಆದ್ಮೇಲೆ ಕಣ್ಣು ಬಿಡ್ಲಿಲ್ಲ. ಮೋನಿಕಾನ ಕರ್ಕೊಂಡ್ ಹೋಗ್ಬೇಕು, ಯಾರನ್ನ ಕೇಳ್ಬೇಕು?" ಎಂದರು. ಯಾರನ್ನೂ ಕೇಳಬೇಕಾಗಿರಲಿಲ್ಲ. ಎದ್ದು ಅವರ ಜೊತೆ ನಡೆದೆ.

ಮುನಿಕೃಷ್ಣಮ್ಮ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ವಿಷಯ ಕೇಳಿ ಮೊರ ಕೆಳಗಿಟ್ಟು, "ಆವತ್ತು ಕೇಳುದ್ಲು. ದನಿ ಕೇಳುಸು ಅಂದ್ಲು" ಎಂದು ಅದೊಂದನ್ನೇ ನಾಲ್ಕು ಸಲ ಹೇಳಿದಳು. ಮೋನಿಕಾ ಕಾಲೇಜಿಗೆ ಹೊರಡಲು ಜಡೆ ಹಾಕಿಕೊಂಡು ಕೆಳಗಿಳಿದು ಬಂದಳು. ಮಾವನನ್ನು ನೋಡಿ ಅವಳು ಮೊದಲು ಕೇಳಿದ್ದು, "ಇನ್ನೂ ಹದಿನೈದು ದಿನ ಆಗಿಲ್ವಲ್ಲ ಮಾಮ, ಯಾಕೆ ಬಂದ್ರಿ?"

ತಿಂಗಳಾದ ಮೇಲೆ ಮೋನಿಕಾ ಓದಲು ವಾಪಸ್ಸು ಬಂದಳು. ಮುನಿಕೃಷ್ಣಮ್ಮನ ಮನೆಗೆ ಬರಲಿಲ್ಲ. ಕಾಲೇಜಿನ ಹಾಸ್ಟೆಲ್ಲಿನಲ್ಲಿ ಜಾಗ ಕೊಡಿಸಿ ಎಂದು ನನ್ನನ್ನು ಕೇಳಿದಳು, ಓಡಾಡಿ ಕೊಡಿಸಿದೆ. ಅವಳ ಪೆಟ್ಟಿಗೆ, ಬಕೆಟ್ಟು ತಂದುಕೊಟ್ಟವಳೂ ನಾನೇ. ಆ ಪೆಟ್ಟಿಗೆಯ ಮೇಲೆ ಮುನಿಕೃಷ್ಣಮ್ಮ ಒಂದು ಡಬ್ಬಿ ಚಕ್ಕುಲಿ ಇಟ್ಟಿದ್ದಳು. ಹುಡುಗಿ ಡಬ್ಬಿಯನ್ನು ನೋಡಿ, "ಇದು ನಂದಲ್ಲ ಮೇಡಂ" ಎಂದು ನನ್ನ ಕೈಗೇ ಕೊಟ್ಟಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮುನಿಕೃಷ್ಣಮ್ಮ ಆ ಕಟ್ಟಳೆಯನ್ನು ಮತ್ತೆ ಯಾರ ಮೇಲೂ ಹೇರಲಿಲ್ಲ. ಯಾರ ತಾಯಿಯದಾದರೂ ಫೋನ್ ಬಂದರೆ ಹಲೋ ಎಂದೂ ಅನ್ನದೆ, ಮೊಣಕಾಲು ಹಿಡಿದುಕೊಂಡು ಮೂರನೇ ಅಂತಸ್ತಿನವರೆಗೂ ಹತ್ತಿ ಮಗುವಿನ ಕೈಗೆ ಕೊಡುತ್ತಾಳೆ. "ಅಜ್ಜಿ, ನನ್ ಹತ್ರಾನೇ ಫೋನಿದೆ" ಎಂದು ಹುಡುಗಿಯರು ನಗುತ್ತಾರೆ. ಆಕೆಗೆ ನಗು ಬರುವುದಿಲ್ಲ. "ಬದನೆ ಸಸಿ ಮುಟ್ತಿರಲಿಲ್ಲ, ನಿಜ. ಆದ್ರೆ ಬೆಳಗ್ಗೆ ಸಂಜೆ ನೀರಾದ್ರೂ ಆಕ್ತಿದ್ವಲ್ಲ ದಾಕ್ಷಾಯಣಿ. ನಾನು ಅದುಕ್ಕೆ ಏನ್ ಆಕ್ದೆ?" ಎಂದು ಒಂದು ದಿನ ನನ್ನನ್ನು ಕೇಳಿದಳು. ನಿನ್ನದು ತಪ್ಪಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ತಪ್ಪು ನಮ್ಮಿಬ್ಬರದೂ ಆಗಿತ್ತು, ಅವಳೊಬ್ಬಳನ್ನು ಕ್ಷಮಿಸಲು ನಾನು ಯಾರು?

ದೀಪಾವಳಿ ಕಳೆದು ಒಂದು ವಾರವಾಗಿತ್ತು. ಸಂಜೆ ಅವಳ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಸರಿಯಾಗಿ ಆರು ಗಂಟೆಗೆ ಫೋನು ಬಡಿಯಿತು. ಆಕೆಗೆ ಓದು ಬಾರದು, ಆದ್ದರಿಂದ ಹುಡುಗಿಯರು ಒಬ್ಬೊಬ್ಬ ತಾಯಿಯ ಹೆಸರಿಗೂ ಅವರ ಫೋಟೋ ಹಾಕಿಕೊಟ್ಟಿದ್ದರು. ಪರದೆಯ ಮೇಲೆ ಅಂಜನಮ್ಮನ ಮುಖ ಬಂತು. ಮುನಿಕೃಷ್ಣಮ್ಮ ಕೈ ಹಿಂದೆ ಎಳೆದುಕೊಂಡಳು. ಅದು ಬಡಿಯುತ್ತಲೇ ಇತ್ತು. ಕೊನೆಗೆ ನಾನೇ ಒತ್ತಿ, ಆಕೆಗೆ ಕಿವಿ ಮಂದವಾದ್ದರಿಂದ ಸ್ಪೀಕರಿಗೆ ಹಾಕಿದೆ.

"ಅಜ್ಜಿ, ನಾನು ಮೋನಿಕಾ. ಅಮ್ಮನ ಫೋನಿಂದ ಮಾಡ್ತಿದ್ದೀನಿ. ಆರು ಗಂಟೆಗೆ ಅಮ್ಮಂಗೆ ದಿನಾ ಏನ್ ಹೇಳ್ತಿದ್ರಿ? ನಂಗೂ ಹೇಳಿ."

ಮುನಿಕೃಷ್ಣಮ್ಮ ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು ಶುರುಮಾಡಿದಳು.

"ಮೊದಲ್ನೇ ದಿನ, ಅರ್ಧ ಮುದ್ದೆ ಉಂಡ್ಲು ಅಂದೆ. ಎರಡ್ನೇ ದಿನ ನೀನು ಬಚ್ಚಲ್ಮನೇಲಿ ಅತ್ತಿದ್ದೆ. ನಗ್ತಾವ್ಳೆ ಅಂತ ಸುಳ್ಳೇಳ್ದೆ ಕಣವ್ವ. ಮೂರ್ನೇ ದಿನ ತಲೆಗೆ ಎಣ್ಣೆ ಆಕ್ದೆ ಅಂದೆ, ಎಷ್ಟು ಸೀಗೆಕಾಯಿ ಆಕುದ್ರಿ ಅಂತ ಕೇಳುದ್ಲು. ಒಂದಿನ ನೀನು ಯಶವಂತಪುರದ ಸಂತೆಗೆ ಒಬ್ಬಳೇ ಓಗಿ ಬಂದೆ ಅಂದಾಗ ಬಾಳ ಒತ್ತು ನಕ್ಲು. ನನ್ ಮಗ್ಳಾ, ಒಬ್ಬಳೇನಾ, ಅಂತ ಎರಡು ಸಲ ಕೇಳುದ್ಲು..."

ಹೀಗೆ ಹತ್ತು ದಿನವನ್ನೂ ಹೇಳಿದಳು, ಒಂದನ್ನೂ ಮರೆತಿರಲಿಲ್ಲ. ಆಚೆ ಕಡೆ ಮೋನಿಕಾ ಮಧ್ಯೆ ಮಧ್ಯೆ "ಹ್ಞೂಂ" ಎನ್ನುತ್ತಿದ್ದಳು, ಅವಳ ತಾಯಿ ಅಂದಿರಬಹುದಾದ ಹಾಗೆಯೇ. ಹನ್ನೊಂದನೆಯದಕ್ಕೆ ಬಂದಾಗ ಬಿಟ್ಟುಬಿಡು ಎಂದು ನಾನು ಕೈಸನ್ನೆ ಮಾಡಿದೆ. ಆಕೆ ಬಿಡಲಿಲ್ಲ.

"ಅನ್ನೊಂದ್ನೇ ದಿನ, ಒಂದ್ಸಲ ಅವಳ ದನಿ ಕೇಳುಸು ಅಂದ್ಲು. ನಾನು ಬ್ಯಾಡ ಅಂದೆ. ಇನ್ನ ನಾಲ್ಕು ದಿನ ತಡ್ಕ ಅಂದೆ. ನಾನು ಪಾಪಿ ಕಣವ್ವ."

 

"ಗೊತ್ತು ಅಜ್ಜಿ" ಎಂದಳು ಮೋನಿಕಾ. "ಆವತ್ತು ನಾನು ಅಲ್ಲೇ ಇದ್ದೆ, ಜಗಲಿ ಮೇಲೆ. ಊಟ ಮಾಡ್ತಿದ್ದೆ. ನೀವು ಸ್ಪೀಕರಿಗೆ ಹಾಕಿದ್ರಲ್ಲ, ಅಮ್ಮ ಕೇಳಿದ್ದು ನಂಗೂ ಕೇಳುಸ್ತು. ಒಂದು ಸಲ ಅಮ್ಮಾ ಅಂತ ಕೂಗಿದ್ರೆ ಅವರಿಗೆ ಕೇಳಿರೋದು. ನೀವು ನಾಲ್ಕೇ ದಿನ ಅಂದ್ರಿ. ನಾನು ಬೆರಳು ಮಡಚಿ ನಾಲ್ಕು ಎಣಿಸ್ಕೊಂಡು ಸುಮ್ಮನೆ ಅನ್ನ ತಿಂದೆ."

ಫೋನು ಕಟ್ಟಾಯಿತು. ಅಂಜನಮ್ಮನ ಮುಖ ಪರದೆಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಇದ್ದು, ಆರಿಹೋಯಿತು. ಮೇಲಿನಿಂದ ಯಾವುದೋ ಹುಡುಗಿ ಅಜ್ಜಿ ಊಟ ಆಯ್ತಾ ಎಂದು ಕೂಗಿ ಕೇಳಿದಳು. ಮುನಿಕೃಷ್ಣಮ್ಮ ತಾನು ಕೂತಿದ್ದ ಜಾಗದ ಪಕ್ಕದಲ್ಲಿ, ಆವತ್ತು ಮೋನಿಕಾ ತಟ್ಟೆ ಇಟ್ಟುಕೊಂಡು ಕೂತಿದ್ದ ಕಲ್ಲಿನ ಮೇಲೆ ಅಂಗೈ ಇಟ್ಟುಕೊಂಡು ಹಾಗೇ ಕೂತಿದ್ದಳು.